ಆಕ್ಷೇಪಣೆ ಇಲ್ಲ

"ಯಾರಿಗಾದರೂ ಆಕ್ಷೇಪಣೆ ಇದೆಯೇ?"

ದುಭಾಷಿ ರಜಬ್ ಎರಡನೆಯ ಸಲ ಕೇಳಿದ. ಸಭಾಂಗಣದಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಶೇಖ್ ಲಮ್ಲೂಮ್ ಕುರ್ಚಿಯ ಮೇಲೆ ಒಂದು ಕಾಲು ಮಡಚಿಟ್ಟುಕೊಂಡು, ಉಣ್ಣೆಯ ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡು, ನೆಲ ನೋಡುತ್ತ ಕುಳಿತಿದ್ದ. ಪಕ್ಕದಲ್ಲಿದ್ದ ಶೇಖ್ ಮಹಜೂಬನೂ ನೆಲವನ್ನೇ ನೋಡುತ್ತಿದ್ದ. ಕರಾವಳಿಯಿಂದ, ಬೆಟ್ಟದ ಕಡೆಯಿಂದ, ಮರಳಿನ ಸೀಮೆಯಿಂದ ಆರಿಸಿ ಬಂದ ಅಷ್ಟೂ ಸದಸ್ಯರು ಬೆಂಗಾಜಿಯ ಶಾಸನಸಭೆಯ ಹಾಸುಗಲ್ಲುಗಳನ್ನು ಅವತ್ತೇ ಮೊದಲ ಸಲ ಕಂಡವರ ಹಾಗೆ ದಿಟ್ಟಿಸುತ್ತಿದ್ದರು.

ಪೀಠದಲ್ಲಿದ್ದವನು ಅಧ್ಯಕ್ಷನಲ್ಲ. ಅಧ್ಯಕ್ಷರು ನಮ್ಮವರೇ ಒಬ್ಬ ಹಿರಿಯರು. ಅವರಿಗೆ ಮೈಯಲ್ಲಿ ಹುಷಾರಿಲ್ಲವೆಂದು ನಮ್ಮನ್ನಾಳುವ ಇಟಲಿ ಸರ್ಕಾರದ ಕಾರ್ಯದರ್ಶಿಯೇ ಬಂದು ಕುಳಿತಿದ್ದ. ರೋಮಿನಲ್ಲಿ ಹೊಸ ಸರ್ಕಾರ ಬಂದ ಮೇಲೆ ಹಡಗಿನಲ್ಲಿ ಇಳಿದವರಲ್ಲಿ ಅವನೂ ಒಬ್ಬ. ಮೀಸೆ ಬೋಳಿಸಿದ, ಎಳೆ ಮುಖದ, ಸದಾ ನಗುವ ಮನುಷ್ಯ. ಅವನು ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಸದಸ್ಯರ ಮುಂಡಾಸುಗಳನ್ನು ನೋಡಿದ, ಮೇಜಿನ ಮೇಲಿನ ಗಂಟೆಯನ್ನು ಅಂಗೈಯಿಂದ ತಟ್ಟಿದ. ಏನೋ ಹೇಳಿ ಎದೆಯ ಮೇಲೆ ಕೈಯಿಟ್ಟು ಬಾಗಿದ. ರಜಬ್ "ಸಭೆ ಮುಗಿಯಿತು, ಕಾರ್ಯದರ್ಶಿಗಳು ನಿಮಗೆಲ್ಲ ವಂದನೆ ಹೇಳುತ್ತಾರೆ" ಎಂದ.

ಅವತ್ತು ಬಂದಿದ್ದ ವಿಷಯ ಒಂದೇ. ಸಿದ್ರಾ ಬಾವಿಯ ಹತ್ತಿರ ಒಂದು ಜೋಡಿ ದಂಡು ಇತ್ತು. ಬಾವಿಯ ಒಂದು ಮಗ್ಗುಲಲ್ಲಿ ಇಟಲಿಯ ಸಿಪಾಯಿಗಳ ಡೇರೆಗಳು, ಇನ್ನೊಂದು ಮಗ್ಗುಲಲ್ಲಿ ನಮ್ಮವರ ಕರಿ ಗುಡಾರಗಳು. ಯುದ್ಧ ನಿಂತಾಗ ಆದ ಒಪ್ಪಂದದ ಪ್ರಕಾರ ಇಬ್ಬರೂ ಕೂಡಿ ದಾರಿ ಕಾಯಬೇಕು. ಈಗ ನಮ್ಮ ಪಾಲಿನ ಬಂದೂಕುಗಳನ್ನು ಸುರಕ್ಷಿತವಾಗಿಡಲು ಸರ್ಕಾರದ ಉಗ್ರಾಣಕ್ಕೆ ಒಪ್ಪಿಸಬೇಕು, ಆಳುಗಳನ್ನು ಬೇರೆ ಕಡೆಗೆ ಸಾಗಿಸಬೇಕು ಎಂಬ ಗೊತ್ತುವಳಿ. ಆ ಗುಡಾರಗಳ ಮುಖ್ಯಸ್ಥ ಲಮ್ಲೂಮನ ಮಗ ಜಾದಲ್ಲಾ. ಯುದ್ಧದ ವರ್ಷಗಳಲ್ಲಿ ಇಬ್ಬರು ಗಂಡುಮಕ್ಕಳನ್ನು ಮಣ್ಣು ಮಾಡಿದ ಮುದುಕನಿಗೆ ಉಳಿದಿದ್ದವನು ಅವನೊಬ್ಬನೇ.

ಅಂಥ ವಿಷಯಕ್ಕೆ ಇವರು ಸುಮ್ಮನೆ ಕುಳಿತರೇ ಎಂದು ಹೊರಗಿನವರು ಕೇಳಬಹುದು. ಸುಮ್ಮನೆ ಕುಳಿತದ್ದೇ ಉತ್ತರ. ನಮ್ಮ ಗುಡಾರಗಳಲ್ಲಿ ಒಬ್ಬ ಬಂದು ಏನನ್ನೋ ಕೇಳಿದ ಎನ್ನಿ. ಕೊಡುವ ಮನಸ್ಸಿದ್ದರೆ ಎಲ್ಲರೂ ಒಟ್ಟಿಗೆ ಗದ್ದಲವೆಬ್ಬಿಸಿ, ಹಾರೈಸಿ, ಕೇಳಿದವನ ಕೈ ಹಿಡಿದು ಕುಲುಕುತ್ತಾರೆ. ಕೊಡುವ ಮನಸ್ಸಿಲ್ಲದಿದ್ದರೆ ತಲೆ ತಗ್ಗಿಸಿ ಸುಮ್ಮನಿರುತ್ತಾರೆ. ಕೇಳಿದವನ ಮುಖದ ಮೇಲೆ "ಇಲ್ಲ" ಎನ್ನುವುದು ಅವನ ಕೆನ್ನೆಗೆ ಹೊಡೆದ ಹಾಗೆ. ಅವನೂ ಅರ್ಥಮಾಡಿಕೊಂಡು ಮಳೆಯ ಮಾತೋ ಮೇವಿನ ಮಾತೋ ತೆಗೆಯುತ್ತಾನೆ, ಯಾರ ಮಾನವೂ ಹೋಗುವುದಿಲ್ಲ. ನಮ್ಮ ಅಧ್ಯಕ್ಷರಿಗೆ ಇದು ಗೊತ್ತಿತ್ತು. ಸರ್ಕಾರ ಕಳಿಸಿದ ಎಷ್ಟೋ ವಿಷಯಗಳು, ಒಂಟೆಯ ಕಂದಾಯ, ರಸ್ತೆಯ ಬಿಟ್ಟಿ ದುಡಿತ, ಇಂಥ ಮೌನದಲ್ಲೇ ಬಿದ್ದುಹೋಗಿದ್ದವು. ಅವರು ಕೆಮ್ಮಿ, "ಮುಂದಿನ ವಿಷಯ" ಎನ್ನುತ್ತಿದ್ದರು.

ಆದ್ದರಿಂದ ಹೊರಗೆ ಬಂದು ಬಾಗಿಲ ಬಳಿ ಚಪ್ಪಲಿ ಹುಡುಕುವಾಗ ಶೇಖ್ ಮಹಜೂಬ್ ನಗು ತಡೆಯಲಾರದೆ ಲಮ್ಲೂಮನ ಬೆನ್ನಿಗೊಂದು ಗುದ್ದಿದ. ಸಭೆಯೊಳಗೆ ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದು ಎರಡು ವರ್ಷದಿಂದ ಹೇಳಿದರೂ ಇವರು ಕೇಳಿರಲಿಲ್ಲ.

"ನೋಡಿದ್ಯಾ? ಗಂಟೆ ಹೊಡ್ಕಂಡು ಎದ್ದೋದ! ಇವ್ನು ಸಂಜೆಗಂಟ ಕೊರೀತಾನೆ ಅಂದ್ಕಂಡಿದ್ದೆ ನಾನು."

"ಮರ್ಯಾದಸ್ಥ ಕಣಯ್ಯ," ಎಂದ ಲಮ್ಲೂಮ್. "ಎರಡು ಸಲ ಕೇಳ್ದ, ಬಿಟ್ಟ."

"ಎರಡು ಸಲ ಕೇಳಿದ್ದೇ ಹೆಚ್ಚಾಯ್ತು. ನಮ್ಮಲ್ಲಾದ್ರೆ ಒಂದೇ ಸಲಕ್ಕೆ ತಿಳ್ಕಂಡು ಟೀ ಕುಡೀತಾರೆ."

"ಹೋಗ್ಲಿ ಬಿಡು. ಹೊಸಬ. ಹಡಗಿನ ವಾಕರಿಕೆ ಇನ್ನೂ ಹೋಗಿಲ್ಲ ಅವ್ನಿಗೆ."

ಮಹಜೂಬನ ಒಂಟೆ ಆಗಲೇ ಸಿದ್ಧವಾಗಿ ಕೂತಿತ್ತು. "ನಾನು ದಾರಿಯುದ್ದಕ್ಕೂ ಹೇಳ್ಕಂಡೇ ಹೋಗ್ತೀನಿ. ನೀನು ಹೋಗೋ ಹೊತ್ಗೆ ನಿನ್ ಮಗ ಕುರಿ ಕುಯ್ದಿರ್ತಾನೆ ನೋಡು," ಎಂದು ಹತ್ತಿ ಹೊರಟುಹೋದ.

ಲಮ್ಲೂಮನ ಕುದುರೆಗೆ ಲಾಳ ಸಡಿಲಾಗಿತ್ತು. ಅದನ್ನು ಹಿಡಿದುಕೊಂಡು ಲಾಳ ಕಟ್ಟುವವನ ಚಪ್ಪರಕ್ಕೆ ಹೋಗಿ ನೆರಳಲ್ಲಿ ಕುಕ್ಕರಗಾಲಲ್ಲಿ ಕುಳಿತ. ಸಮಾಧಾನವಾಗಿತ್ತು. ಈ ಸಭೆಗೆ ನಿಲ್ಲುವಾಗ ಮಗ ಬೇಡವೆಂದಿದ್ದ. "ಅವ್ರ ಕುರ್ಚಿ ಮೇಲೆ ಕೂತ್ರೆ ಅವ್ರ ಮಾತೇ ಆಡ್ಬೇಕಾಗುತ್ತೆ ಅಪ್ಪಾ," ಎಂದು ಎಲ್ಲರೆದುರೇ ಹೇಳಿ, ಆಮೇಲೆ ಎಷ್ಟೋ ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ಹೇಳಲಿ ನೋಡೋಣ, ಎಂದುಕೊಂಡ ಮುದುಕ.

ಅಷ್ಟರಲ್ಲಿ ದುಭಾಷಿ ರಜಬ್ ಕೊಡೆ ಹಿಡಿದುಕೊಂಡು ಆ ಬೀದಿಯಲ್ಲಿ ಬಂದ. ಅವನು ಊರಿನವನು, ಉಣ್ಣೆ ವ್ಯಾಪಾರಿಯ ಮಗ. ಕೋಟು ಟೋಪಿ ಹಾಕಿದರೂ ಹಿರಿಯರನ್ನು ಕಂಡರೆ ಕೈಗೆ ಮುತ್ತಿಡುವುದನ್ನು ಬಿಟ್ಟಿರಲಿಲ್ಲ. ಬಾಗಿ ಮುತ್ತಿಟ್ಟು, "ಶೇಖರೇ, ನಿಮ್ಮಿಂದ ನಮಗೂ ಒಂದು ಒಳ್ಳೇ ಹೆಸರು ಬಂತು ಇವತ್ತು," ಎಂದ. "ಕಾರ್ಯದರ್ಶಿಗಳು ತುಂಬಾ ಖುಷಿಯಾಗಿದಾರೆ. ಇಷ್ಟು ಸಲೀಸಾಗಿ ಒಪ್ತೀರಿ ಅಂತ ಅವರು ಅಂದ್ಕೊಂಡೇ ಇರಲಿಲ್ಲ."

"ಯಾರು ಒಪ್ಪಿದ್ದು?"

"ನೀವು. ಎಲ್ಲರೂ. ಸರ್ವಾನುಮತ."

"ನಾವು ಬಾಯೇ ಬಿಡ್ಲಿಲ್ವಲ್ಲೋ!"

"ಅದಕ್ಕೇ. ಆಕ್ಷೇಪಣೆ ಇಲ್ಲ ಅಂತ ಬರೆದುಕೊಂಡ್ರು."

ಲಾಳ ಕಟ್ಟುವವನ ಸುತ್ತಿಗೆ ನಿಂತಿತು. ಲಮ್ಲೂಮ್ ನಿಧಾನವಾಗಿ ಎದ್ದು ನಿಂತ. "ರಜಬ್, ನಿಮ್ಮಪ್ಪ ಉಣ್ಣೆ ಕೊಳ್ಳಾಕೆ ನಮ್ ಗುಡಾರಕ್ಕೆ ಬರ್ತಿದ್ದ. ನೀನು ಅವನ ಹಿಂದೆ ಕತ್ತೆ ಮೇಲೆ ಕೂತು ಬರ್ತಿದ್ದೆ. ಸುಮ್ನಿದ್ರೆ ಏನರ್ಥ ಅಂತ ನಿಂಗೊತ್ತಿಲ್ವೇನೋ?"

"ಗೊತ್ತು," ಎಂದ ರಜಬ್. ಕೊಡೆಯನ್ನು ಮಡಚಿ ಮತ್ತೆ ಬಿಚ್ಚಿದ. "ಆಡಿದ ಮಾತನ್ನ ಅವರ ಭಾಷೆಗೆ ತಿರುಗಿಸೋದು ನನ್ನ ಕೆಲಸ ಶೇಖರೇ. ಆಡದೆ ಇದ್ದಿದ್ದನ್ನ ತಿರುಗಿಸು ಅಂತ ಯಾರೂ ನನಗೆ ಹೇಳಿಲ್ಲ. ಹೇಳದೆ ಮಾಡಿದ್ರೆ ಮನೆಗೆ ಕಳಿಸ್ತಾರೆ. ಈಗ ಬಂದಿರೋರು ಮನೆಗೆ ಕಳಿಸಿದ್ರೆ ನನ್ನ ಪುಣ್ಯ."

ಲಮ್ಲೂಮ್ ಬೈಯಲೂ ನಿಲ್ಲಲಿಲ್ಲ. "ಬಾ ನನ್ಜೊತೆ," ಎಂದು ರಜಬನ ತೋಳು ಹಿಡಿದು ಎಳೆದುಕೊಂಡೇ ಸಭಾಂಗಣಕ್ಕೆ ಹೊರಟ. ಸೂರ್ಯ ಇನ್ನೂ ನೆತ್ತಿಯಿಂದ ಇಳಿದಿರಲಿಲ್ಲ. ಆಗಲೇ ಆಳುಗಳು ಸಭಾಂಗಣದಿಂದ ಕುರ್ಚಿಗಳನ್ನು ಹೊತ್ತು ಹೊರಗೆ ತರುತ್ತಿದ್ದರು. ಬಾಗಿಲಲ್ಲಿ ಸಿಕ್ಕ ಕಾರ್ಯದರ್ಶಿ ಅದೇ ನಗುಮುಖದಿಂದ ಕೈ ನೀಡಿದ. ಲಮ್ಲೂಮ್ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ.

"ನಡಾವಳಿ ಬರೆದು ಮುಗಿದಿದೆ ಅಂತಾರೆ," ರಜಬ್ ತಿರುಗಿಸಿದ. "ಗೌರವಾನ್ವಿತ ಸದಸ್ಯರು ಮುಂದಿನ ಅಧಿವೇಶನದಲ್ಲಿ ಇದನ್ನ ಖಂಡಿತ ಎತ್ತಬಹುದು ಅಂತಾರೆ."

"ಕುರ್ಚಿ ಎಲ್ಲಿಗೆ ಹೋಗ್ತಾವೆ, ಕೇಳು."

ರಜಬ್ ಕೇಳಿದ. "ಬಣ್ಣ ಹೊಡೆಸೋಕಂತೆ." ಹೇಳುವಾಗ ಅವನು ಮುದುಕನ ಕಡೆ ನೋಡಲಿಲ್ಲ. ಕಾರ್ಯದರ್ಶಿ ಮತ್ತೆ ಎದೆಯ ಮೇಲೆ ಕೈಯಿಟ್ಟು ಬಾಗಿ ಒಳಗೆ ಹೋದ. ಮೆಟ್ಟಿಲಿಳಿಯುವಾಗ ರಜಬ್ ಬಾಯಿಗೆ ಕೈ ಅಡ್ಡ ಹಿಡಿದು, "ನಿಮ್ಮ ಮಗ ಆ ಬಾವಿ ಹತ್ರಾನೇ ಇದಾನಲ್ವಾ? ಲಾಳ ಕಟ್ಟೋನಿಗೆ ಆದಷ್ಟು ಬೇಗ ಮುಗಿಸೋಕೆ ಹೇಳಿ," ಎಂದಷ್ಟೇ ಹೇಳಿ ಕೊಡೆ ಬಿಚ್ಚಿಕೊಂಡು ನಡೆದುಬಿಟ್ಟ.

ಸಿದ್ರಾ ಬಾವಿಗೆ ಒಂದು ದಿನದ ದಾರಿಗಿಂತ ಹೆಚ್ಚು. ಕತ್ತಲಾದಾಗ ದಾರಿಯಲ್ಲಿ ಸಿಕ್ಕ ಯಾರದೋ ಗುಡಾರದಲ್ಲಿ ತಂಗಿ, ನಸುಕಿಗೇ ಎದ್ದು, ಮುದುಕ ಕುದುರೆಯನ್ನು ಓಡಿಸಿದ. ಮಾರ್ಚಿ ತಿಂಗಳು. ಮಳೆ ಚೆನ್ನಾಗಿ ಬಿದ್ದು ಬಯಲೆಲ್ಲ ಹಳದಿ ಹೂವಾಗಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ಬಂದ. ಜಾದಲ್ಲಾ, ಅವರು ನಮ್ಮ ಸುಮ್ಮನಿರುವಿಕೆಯನ್ನು ಒಪ್ಪಿಗೆಯೆಂದು ಬರೆದುಕೊಂಡಿದ್ದಾರೆ, ಬಂದೂಕು ಎತ್ತಿಕೊಂಡು ಈಗಲೇ ಬೆಟ್ಟ ಹತ್ತಿ. ಇಷ್ಟೇ ಮಾತು. ಗುಡಾರಗಳು ಕಾಣುವ ಹೊತ್ತಿಗೆ ಆ ಮಾತು ಬಾಯಿಪಾಠವಾಗಿತ್ತು.

ಆದರೆ ಮಹಜೂಬನ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಗುಡಾರಗಳ ಮುಂದೆ ಕುರಿಯ ತೊಗಲು ನೇತಾಡುತ್ತಿತ್ತು, ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ದಂಡಿನ ಹಿರಿಯ ಹಾಜ್ ಸುವೈಕರ್, ಹಲ್ಲಿಲ್ಲದ ಬಾಯಿ ತುಂಬ ನಗುತ್ತ, ಕುದುರೆಯ ಲಗಾಮು ಹಿಡಿದುಕೊಂಡ.

"ಬಂದ್ರಪ್ಪಾ, ಬಾಯಿ ಬಿಡದ ಶೇಖರು! ಮನೇಲಿ ಹೆಂಡ್ರು ಎದುರಿಗೆ ಸುಮ್ನಿದ್ದು ಅಭ್ಯಾಸ ಮಾಡಿಟ್ಕಂಡಿದ್ದು ಸರ್ಕಾರದ ಎದುರು ಉಪಯೋಗಕ್ಕೆ ಬಂತು ನೋಡ್ರಲಾ."

ಎಲ್ಲರೂ ನಕ್ಕರು. ಲಮ್ಲೂಮ್ ಇಳಿದು, "ಜಾದಲ್ಲಾ ಎಲ್ಲಿ?" ಎಂದ. ಜಾದಲ್ಲಾ ಎದುರಿಗೇ ಬಂದ. ಗಡ್ಡಕ್ಕೆ ಎಣ್ಣೆ ಹಚ್ಚಿ ಬಾಚಿದ್ದ, ಒಗೆದ ಅಂಗಿ ಹಾಕಿದ್ದ. ಅಪ್ಪನ ಭುಜಕ್ಕೆ ಮುತ್ತಿಟ್ಟು, ಬಿಡದೆ ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡ.

"ಅಪ್ಪಾ, ನಾನು ಅವತ್ತು ಎಲ್ರ ಎದುರು ಅಂದಿದ್ದೆ. ಇವತ್ತೂ ಎಲ್ರ ಎದುರೇ ಹೇಳ್ತೀನಿ. ನಂದು ತಪ್ಪಾಯ್ತು. ನೀನು ಅಲ್ಲಿ ಕೂತಿದ್ದಕ್ಕೆ ನಮ್ ಬಂದೂಕು ಉಳೀತು."

ಬಾಯಿಪಾಠವಾಗಿದ್ದ ಮಾತು ಮುದುಕನಿಗೆ ಮರೆತೇಹೋಯಿತು. ಎರಡು ವರ್ಷದಿಂದ ಈ ಮಾತಿಗೆ ಕಾದಿದ್ದವನು ಅವನು. ಮಗನ ಬೆನ್ನು ತಟ್ಟಿದ. ಊಟವಾಗಲಿ, ಎಂದುಕೊಂಡ. ತಿನ್ನುವವರ ನಡುವೆ ಕೆಟ್ಟ ಸುದ್ದಿ ಹಾಕುವುದು ನಮ್ಮಲ್ಲಿಲ್ಲ. ನಾಚಿಕೆಯಾಗಿತ್ತು, ಅಷ್ಟೇ ಕಾರಣ. ರೀತಿ ರಿವಾಜು ಎಲ್ಲ ಅವನು ಕುಳಿತಲ್ಲೇ ಹುಡುಕಿಕೊಂಡ ನೆಪ.

ದೊಡ್ಡ ಹರಿವಾಣದಲ್ಲಿ ಅನ್ನದ ಮೇಲೆ ಕುರಿಯ ಮಾಂಸ ಬಂತು. ಸುವೈಕರ್ ಒಳ್ಳೊಳ್ಳೆಯ ತುಂಡುಗಳನ್ನು ಆರಿಸಿ ಶೇಖನ ಮುಂದೆ ತಳ್ಳುತ್ತಿದ್ದ. ಲಮ್ಲೂಮ್ ತುತ್ತು ಬಾಯಿಗಿಡುತ್ತ ಬಾವಿಯ ಆಚೆ ನೋಡಿದ. ಇಟಲಿಯವರ ಡೇರೆಗಳ ಬಾಗಿಲುಗಳನ್ನು ಕಟ್ಟಿದ್ದರು. ಒಲೆಯ ಹೊಗೆ ಇರಲಿಲ್ಲ. ನಾಯಿಗಳು ಕೂಡ ಈಚೆಗೆ ಬಂದು ಕೂತಿದ್ದವು.

"ಆ ಡೇರೆಗಳ ಕ್ಯಾಪ್ಟನ್ ಎಲ್ಲಿ? ಕುರಿ ಕುಯ್ದ್ರೆ ಕರೀದಿದ್ರೂ ಬರೋನು."

"ಬೆಳಿಗ್ಗೇನೇ ಕವಾಯತಿಗೆ ಅಂತ ಎಲ್ಲಾ ಹೋದ್ರು," ಎಂದ ಸುವೈಕರ್. "ಅಡಿಗೆ ಪಾತ್ರೆ ಸಮೇತ."

"ಕವಾಯತಿಗೆ ಪಾತ್ರೆ ಯಾಕಪ್ಪ?"

"ನಂಗೇನ್ ಗೊತ್ತು? ಅವ್ರ ಜನ ಹೊಟ್ಟೆ ಕೈಯಲ್ಲಿ ಹಿಡ್ಕಂಡೇ ಯುದ್ಧಕ್ಕೆ ಹೋಗೋದು."

ಮತ್ತೆ ನಗು. ಲಮ್ಲೂಮ್ ಕೈಯಲ್ಲಿದ್ದ ತುತ್ತನ್ನು ಹರಿವಾಣಕ್ಕೇ ಇಟ್ಟ. ಈಗ ಹೇಳಬೇಕು, ಎಂದು ಮಗನ ಕಡೆ ತಿರುಗಿದ. ಜಾದಲ್ಲಾ ಪಕ್ಕದವನಿಗೆ ಅದೇ ಕತೆ ಹೇಳುತ್ತಿದ್ದ. ಅವರು ಎರಡು ಸಲ ಕೇಳಿದರಂತೆ, ನಮ್ಮವರು ಕಣ್ಣು ಕೂಡ ಎತ್ತಲಿಲ್ಲವಂತೆ. ಹೇಳುವಾಗ ಅವನ ಮುಖ ಚಿಕ್ಕಂದಿನ ಮುಖದ ಹಾಗೇ ಇತ್ತು. ಟೀ ಆಗಲಿ, ಎಂದುಕೊಂಡ ಮುದುಕ. ಮೊದಲ ಲೋಟ ಬಂತು, ಕಹಿಯಾಗಿ ನೊರೆಯೆದ್ದು. ಅದನ್ನು ಕುಡಿದ. ಎರಡನೆಯದೂ ಬಂತು.

ಮೂರನೆಯ ಲೋಟಕ್ಕೆ ಪುದೀನ ಕಿವುಚುತ್ತಿರುವಾಗ ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಜಾದಲ್ಲಾ, ಸ್ವಲ್ಪ ಈಚೆ ಬಾ ಮಗನೇ," ಎಂದ.

ಜಾದಲ್ಲಾ ಏಳುತ್ತಿದ್ದಂತೆ ನಾಯಿಗಳು ಬೊಗಳಿದವು. ಬೆಂಗಾಜಿಯ ದಾರಿಯಲ್ಲಿ ಧೂಳೆದ್ದಿತ್ತು. ಧೂಳಿನ ಮುಂದೆ ಲಾರಿಗಳು ಒಂದರ ಹಿಂದೊಂದು, ಏರಿಗೆ ಏದುಸಿರು ಬಿಡುತ್ತ ಬರುತ್ತಿದ್ದವು.

ಯಾರೂ ಓಡಲಿಲ್ಲ. ಯಾಕೆ ಓಡಬೇಕು? ಲಾರಿ ಬಂದರೆ ಹಿಟ್ಟು ಬಂತು, ಸಕ್ಕರೆ ಬಂತು ಎಂದೇ ಅವರ ಲೆಕ್ಕ. ಸುವೈಕರ್ ಇನ್ನೊಂದಿಷ್ಟು ಲೋಟ ತೊಳೆಯಲು ಹೇಳಿದ. ಮೊದಲ ಲಾರಿಯಿಂದ ಯಾರೋ ಗುರುತಿಲ್ಲದ ಮೇಜರ್ ಇಳಿದ, ಅವನ ಹಿಂದೆ ಇವರಿಗೆ ಪರಿಚಯದ ಕ್ಯಾಪ್ಟನ್, ಅವನ ಹಿಂದೆ ಕೋಟಿನ ಧೂಳು ಕೊಡವುತ್ತ ದುಭಾಷಿ ರಜಬ್. ರಜಬ್ ಲಮ್ಲೂಮನನ್ನು ಕಂಡ. ನೀವಿನ್ನೂ ಇಲ್ಲೇ ಇದ್ದೀರಾ ಎನ್ನುವ ಹಾಗೆ ನೋಡಿದ.

ಮೇಜರ್ ಒಂದು ಹಾಳೆ ತೆಗೆದು ಓದಿದ. ರಜಬ್ ನೆಲ ನೋಡುತ್ತ ತಿರುಗಿಸಿದ. ಈ ದಂಡನ್ನು ಮುಚ್ಚಲಾಗಿದೆ. ಬಂದೂಕುಗಳನ್ನು ಇಲ್ಲಿ ಇಡತಕ್ಕದ್ದು. ಆಳುಗಳು ಲಾರಿ ಹತ್ತತಕ್ಕದ್ದು. ಇದಕ್ಕೆ ನೀವೇ ಆರಿಸಿ ಕಳಿಸಿದ ಸದಸ್ಯರು ಸರ್ವಾನುಮತದಿಂದ ಒಪ್ಪಿರುತ್ತಾರೆ.

ಸುವೈಕರ್ ಕಿಸಕ್ಕನೆ ನಕ್ಕ. "ಅಯ್ಯೋ ಸುಳ್ಳಾ ಸುಳ್ಳು! ಹಾಳೇಲಿ ಏನ್ ಬೇಕಾದ್ರೂ ಬರ್ಕಬಹುದು. ನಮ್ ಶೇಖರು ಇಲ್ಲೇ ಅವ್ರೆ, ಕೇಳ್ಕಳಪ್ಪ. ಶೇಖರೇ, ನೀವು ಒಪ್ಪಿದ್ರಾ?"

"ನಾನು ಸುಮ್ನಿದ್ದೆ," ಎಂದ ಲಮ್ಲೂಮ್.

"ಕೇಳುದ್ಯಾ? ಸುಮ್ನಿದ್ರಂತೆ!"

"ಅವ್ರಲ್ಲಿ ಅದು ಒಪ್ಪಿಗೆಯಂತೆ ಹಾಜ್. ನಂಗೊತ್ತಿರ್ಲಿಲ್ಲ. ನಾವ್ಯಾರೂ ಬಾಯಿ ಬಿಡ್ಲಿಲ್ಲ, ಅವ್ರು ಒಪ್ಪಿದ್ರು ಅಂತ ಬರ್ಕಂಡ್ರು."

ಜಾದಲ್ಲಾ ಅಪ್ಪನ ಹತ್ತಿರ ಬಂದ. ಬಹಳ ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದಂತೆ ಮಾತಾಡಿದ.

"ಇದು ನಿಮ್ಗೆ ಯಾವಾಗ ಗೊತ್ತಾಯ್ತು, ಶೇಖರೇ?"

ಹುಟ್ಟಿದಾಗಿನಿಂದ "ನೀನು", "ಅಪ್ಪಾ" ಎಂದೇ ಕರೆದ ಬಾಯಿ ಅದು.

"ನಿನ್ನೆ," ಎಂದ ಲಮ್ಲೂಮ್.

ಜಾದಲ್ಲಾ ಹರಿವಾಣದಲ್ಲಿ ಉಳಿದ ಮೂಳೆಗಳನ್ನು ನೋಡಿದ. ಟೀ ಲೋಟಗಳನ್ನು ನೋಡಿದ. ಆಮೇಲೆ ಕತ್ತೆತ್ತಿ ಬಾವಿಯ ಆಚೆಯ ದಿಣ್ಣೆಯ ಕಡೆ ನೋಡಿದ. ಕವಾಯತಿಗೆ ಹೋಗಿದ್ದ ಸಿಪಾಯಿಗಳು ಅಲ್ಲಿದ್ದರು. ಉದ್ದಕ್ಕೂ ಸಾಲಾಗಿ ಮಲಗಿದ್ದರು, ನಡುವೆ ಎರಡು ಕಡೆ ಮೆಷಿನ್‌ಗನ್ ಹೂಡಿದ್ದರು. ಕ್ಯಾಪ್ಟನ್ ಬೇರೆ ಎತ್ತಲೋ ನೋಡುತ್ತ ಕೈಗವಸು ಹಾಕಿಕೊಳ್ಳುತ್ತಿದ್ದ.

"ಬೇಡ!" ಎಂದು ಕೂಗಿದ ಲಮ್ಲೂಮ್.

ಅತಿಥಿಗಳ ಮುಖದ ಮೇಲೆ, ಅದೂ ಊಟದ ಚಾಪೆಯ ಮೇಲೆ ನಿಂತು, ಒಬ್ಬ ಶೇಖ ಹೀಗೆ ಕೂಗಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಕೆಲವರು ನಾಚಿ ತಲೆ ತಗ್ಗಿಸಿದರು. ಅವನು ಮೇಜರನ ಎದೆಗೇ ಹೋಗಿ ನಿಂತ. "ನಾನು ಸದಸ್ಯ. ನಾನು ಬೇಡ ಅಂತೀನಿ. ನಂಗೆ ಆಕ್ಷೇಪಣೆ ಐತೆ! ಬರ್ಕ, ಈಗ್ಲೇ ಬರ್ಕ! ತಿರುಗಿಸೋ ರಜಬ್, ಈಗ ಬಾಯಿ ಬಿಟ್ಟಿದೀನಲ್ಲ, ತಿರುಗಿಸು!"

ರಜಬ್ ತಿರುಗಿಸಿದ. ಒಂದಕ್ಷರ ಬಿಡದೆ ತಿರುಗಿಸಿದ. ಹೇಳುವಾಗ ಅವನ ದನಿ ಕೂಡ ಎತ್ತರಿಸಿತ್ತು. ಮೇಜರ್ ಗೌರವದಿಂದಲೇ ಕೇಳಿಸಿಕೊಂಡ, ಹಣೆಗೆ ಕೈ ಮುಟ್ಟಿಸಿ ಸಲಾಮು ಮಾಡಿದ, ಎರಡು ಮಾತು ಹೇಳಿದ.

"ಸದಸ್ಯರ ಮಾತಿಗೆ ಸಭಾಂಗಣದಲ್ಲಿ ಬೆಲೆ ಇದೆ, ಇಲ್ಲಿ ಇಲ್ಲ ಅಂತಾರೆ," ಎಂದ ರಜಬ್. "ಅಲ್ಲಿ ಹೇಳಿದ್ರೆ ಕೇಳ್ತಿದ್ರಂತೆ."

ಒಬ್ಬ ತರುಣ ಬಂದೂಕಿನ ಬೋಲ್ಟು ಎಳೆದ ಸದ್ದು ಕೇಳಿಸಿತು. ಜಾದಲ್ಲಾ ತಿರುಗಿ, "ಯಾರೂ ಬೇಡ," ಎಂದು ಗದರಿದ. ತನ್ನ ಬಂದೂಕನ್ನು ಹೆಗಲಿಂದ ತೆಗೆದು, ಗುಂಡುಗಳನ್ನು ಬಿಚ್ಚಿ, ಮೇಜರನ ಬೂಟಿನ ಮುಂದೆ ಹುಲ್ಲಿನ ಮೇಲೆ ಮಲಗಿಸಿದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಸುವೈಕರನ ಹಳೆಯ ಬಂದೂಕನ್ನು ಸಿಪಾಯಿಯೊಬ್ಬ ಎತ್ತಿ ನೋಡಿ ನಕ್ಕ. ಹಾಜ್ ಆಗ ಅಳತೊಡಗಿದ. ಅಷ್ಟು ಹೊತ್ತು ಅತ್ತಿರಲಿಲ್ಲ.

ಎಲ್ಲರನ್ನೂ ಲಾರಿಗಳಿಗೆ ಹತ್ತಿಸಿದರು. ಲಮ್ಲೂಮ್ ಮಗನಿದ್ದ ಲಾರಿಯ ಹಿಂಬದಿಗೆ ಹೋಗಿ ತಾನೂ ಹತ್ತಲು ಕೈ ಚಾಚಿದಾಗ ಸಿಪಾಯಿ ಮೆತ್ತಗೆ ಹಿಂದಕ್ಕೆ ತಳ್ಳಿದ. ಸದಸ್ಯರನ್ನು ಮುಟ್ಟಬಾರದೆಂದು ಅಪ್ಪಣೆಯಾಗಿದೆ ಎಂದ ರಜಬ್. "ಎಲ್ಲಿಗೆ ಒಯ್ತಾರೆ?" ಎಂದು ಕೇಳಿದ್ದಕ್ಕೆ, "ನನಗೂ ಹೇಳಿಲ್ಲ ಶೇಖರೇ, ಆಣೆಗೂ ಹೇಳಿಲ್ಲ," ಎಂದ.

ಹೊರಡಬೇಕೆನ್ನುವಾಗ ಆ ಲಾರಿಯ ಮೂತಿಯಿಂದ ಹಬೆ ಏಳತೊಡಗಿತು. ಏರು ಹತ್ತಿ ಬಂದು ಅದರ ನೀರು ಬತ್ತಿಹೋಗಿತ್ತು. ಚಾಲಕ ಇನ್ನೂ ಮೀಸೆ ಮೂಡದ ಇಟಲಿಯವ, ಬಿಸಿಲಿಗೆ ಮೂಗು ಸುಲಿದಿತ್ತು. ಅವನು ಕೆಳಗಿಳಿದು ಬಾವಿಯ ಬಳಿ ಬಂದು ಅತ್ತಿತ್ತ ನೋಡಿದ. ಹಗ್ಗ ಎಳೆಯುವವರೆಲ್ಲ ಲಾರಿಯ ಮೇಲಿದ್ದರು. ಅಲ್ಲಿ ನಿಂತಿದ್ದವನು ಮುದುಕನೊಬ್ಬನೇ. ಚಾಲಕ ಅವನ ಕಡೆ ತಿರುಗಿ ನೀರು ಎಂದು ಕೈಸನ್ನೆ ಮಾಡಿದ.

ಬಾವಿಯ ಹತ್ತಿರ ನೀರು ಕೇಳಿದವನಿಗೆ ನಮ್ಮಲ್ಲಿ ಯಾರೂ "ಇಲ್ಲ" ಎಂದಿಲ್ಲ. ಲಮ್ಲೂಮ್ ಹಗ್ಗ ಹಿಡಿದ. ತೊಗಲಿನ ಬಕೆಟ್ ಕೆಳಗಿಳಿಯಿತು, ತುಂಬಿಕೊಂಡು ಮೇಲೆ ಬಂತು. ಚಾಲಕ ಅದನ್ನು ಒಯ್ದು ಲಾರಿಯ ಬಾಯಿಗೆ ಸುರಿದ. ಹಬೆ ಭುಸ್ಸೆಂದು ಎದ್ದು ಇಬ್ಬರ ಮುಖಕ್ಕೂ ಬಡಿಯಿತು. ಎರಡನೆಯ ಬಕೆಟ್ಟಿನಿಂದ ಮುದುಕ ಒಂದು ಬೋಗುಣಿ ತುಂಬಿಸಿ, ಚಾಲಕನ ಮುಖ ನೋಡಿ, ಅವನು ತಲೆಯಾಡಿಸಿದ ಮೇಲೆ ಲಾರಿಯ ಮೇಲಕ್ಕೆ ಎತ್ತಿ ಹಿಡಿದ.

ಜಾದಲ್ಲಾ ಬೋಗುಣಿಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಕುಡಿಯಲಿಲ್ಲ. ಪಕ್ಕದಲ್ಲಿದ್ದ ಸುವೈಕರನಿಗೆ ದಾಟಿಸಿದ. ಅವನಿಂದ ಅದು ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಹೋಗಿ, ಬರಿದಾಗಿ ಮುದುಕನ ಕೈಗೆ ಬಂತು.

ಚಾಲಕ ಲಾರಿಯ ಬಾಯಿಗೆ ಬಗ್ಗಿ ನೋಡಿ, ಇನ್ನೂ ಒಂದು ಎಂದು ಬೆರಳೆತ್ತಿ ತೋರಿಸಿದ. ಲಮ್ಲೂಮ್ ಬಾವಿಯ ಕಟ್ಟೆಗೆ ಮೊಣಕಾಲು ಒತ್ತಿಕೊಂಡು ಹಗ್ಗವನ್ನು ಸಡಿಲ ಬಿಟ್ಟ. ಕೆಳಗೆ ನೀರು ಮುಟ್ಟಿದ ಸದ್ದು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.